ಅತ್ತೆಯ ಕಾರಿಗೆ ನಾನು ಉಸಿರು ಕೊಟ್ಟಿದ್ದು

ನಮ್ಮ ಮನೆಯಲ್ಲಿ ಏನೇ ಕಾಣೆಯಾದರೂ ಅದಕ್ಕೆ ನನ್ನ ಗಂಡನೇ ಹೊಣೆ. ಇದು ನಾನೇ ಮಾಡಿದ ಕಾನೂನು. ಆದ್ದರಿಂದ ಅಡುಗೆಮನೆಯ ನೀಲಿ ಚೌಕುಳಿ ಒರೆಸುವ ಬಟ್ಟೆ ಕಾಣದಾದಾಗ ವಿಚಾರಣೆಯ ಅಗತ್ಯವೇ ಬೀಳಲಿಲ್ಲ. ನೇರವಾಗಿ ತೀರ್ಪಿಗೆ ಬಂದೆ.

"ರೀ, ಬಟ್ಟೆ ಎಲ್ಲಿಟ್ರಿ?"

"ನಾನು ಅಡುಗೆಮನೆ ಕಡೆ ಬಂದೇ ಇಲ್ವಲ್ಲೇ."

"ಬರದೇ ಇರೋದೂ ಒಂದು ಅಪರಾಧಾನೇ."

ಬಟ್ಟೆಯ ಮಾತು ಇರಲಿ. ನಾನು ಹೇಳಹೊರಟದ್ದು ಅತ್ತೆಯ ಕಾರಿನ ವಿಷಯ.

ನಮ್ಮ ಅತ್ತೆ ಡ್ರೈವಿಂಗ್ ಕಲಿಸುತ್ತಾರೆ. ಊರಿನ ಅರ್ಧ ಹೆಂಗಸರು ಮೊದಲು ಸ್ಟಿಯರಿಂಗ್ ಹಿಡಿದದ್ದು ಅವರ ಪಕ್ಕದಲ್ಲೇ. ಆ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಅತ್ತೆ ಮನೆಯಲ್ಲಿ ಸುಮ್ಮನೆ ಕೂತಿದ್ದಾಗಲೂ ನಾನು ತಪ್ಪು ಮಾಡಿದರೆ ಅವರ ಕಾಲು ನೆಲವನ್ನು ಮೆಲ್ಲಗೆ ಒತ್ತುವುದನ್ನು ಕಂಡಿದ್ದೇನೆ. ಕಾರು ತೊಳೆಯುವ ಸೌಭಾಗ್ಯ ನನ್ನದು. ಹೊರಗಷ್ಟೇ ತೊಳೆದರೆ ನನಗೆ ಸಮಾಧಾನವಿಲ್ಲ. ಬಾನೆಟ್ ಎತ್ತಿ, ನೀರು ಬೀಳಬಾರದ ಕಡೆಗಳನ್ನು ಮುಚ್ಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಇಂಜಿನ್ನಿನ ಕಿವಿ ಮೂಗನ್ನೂ ತಿಕ್ಕಿ ಥಳಥಳ ಹೊಳೆಯಿಸಿದವಳು ನಾನು.

ಈಚೆಗೆ ಆ ಕಾರು ದಿಬ್ಬ ಹತ್ತುವಾಗ ಏದುಸಿರು ಬಿಡತೊಡಗಿತ್ತು.

"ಅದಕ್ಕೂ ವಯಸ್ಸಾಯ್ತು," ಎಂದರು ಅತ್ತೆ. ತಂಗಿಯ ಮನೆಗೆ ಹೊರಟು ನಿಂತಿದ್ದರು. ಬಾಗಿಲಲ್ಲಿ ತಿರುಗಿ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಮದುವೆಯಾದಾಗಿನಿಂದ ಅದೇ ಮೊದಲು. "ನಿನ್ನ ಕೈಗೆ ಕೊಡ್ತಿದೀನಮ್ಮಾ, ಅವನ ಕೈಗಲ್ಲ. ಸೋಮವಾರ ಟೈಲರ್ ಅಕ್ಕನ ಲೈಸೆನ್ಸ್ ಪರೀಕ್ಷೆ ಇದೆ. ಪಾಪ, ಪ್ರತಿಸಲವೂ ಆ ದಿಬ್ಬದಲ್ಲೇ ಫೇಲಾಗ್ತಾಳೆ. ಕಾರು ಜೋಪಾನ."

ಕೀಲಿ ಬೆಚ್ಚಗಿತ್ತು. ನನ್ನ ತಲೆಯಲ್ಲಿ ಮಹತ್ತಾದ ಯೋಚನೆಯೊಂದು ಹುಟ್ಟಿದ್ದು ಆಗಲೇ. ಉಸಿರು ಸಾಲದ ಕಾರಿಗೆ ಉಸಿರು ಕೊಟ್ಟರಾಯಿತಲ್ಲ!

ಕಾರು ಗಾಳಿ ಎಳೆದುಕೊಳ್ಳುವುದು ಒಂದು ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಮೂಲಕ. ಅದನ್ನು ಬಿಚ್ಚಿ, ಬೇರೆ ಕಂಪನಿಯ ದಪ್ಪ ಪೈಪು ಮತ್ತು ಕೆಂಪು ಫಿಲ್ಟರು ಹಾಕಿದರೆ ಗಾಳಿ ಧಾರಾಳವಾಗಿ ಒಳಗೆ ಹೋಗುತ್ತದಂತೆ. ಬೇಕಾದಷ್ಟು ವಿಡಿಯೋ ನೋಡಿದೆ. ಸಾಮಾನು ತರಿಸಿದೆ. ಗಂಡ ಟಾರ್ಚು ಹಿಡಿದು ನಿಂತರು.

"ಅಮ್ಮನ್ನ ಒಂದು ಮಾತು ಕೇಳಿದ್ರೆ..."

"ಬೆಳಕು ಅಲ್ಲಾಡಿಸ್ಬೇಡಿ."

ಹಳೆಯ ಡಬ್ಬಿಯನ್ನು ಬೀರುವಿನ ಕೆಳಗೆ ಕಂಬಳಿ ಸುತ್ತಿ ಅಡಗಿಸಿಟ್ಟೆ. ಹೊಸ ಪೈಪು ಕನ್ನಡಿಯಂತೆ ಹೊಳೆಯುತ್ತಿತ್ತು. ಕಾರು ಹೊರಟಿತು ನೋಡಿ! ದಿಬ್ಬವನ್ನು ಚಿಗರೆಯಂತೆ ಹತ್ತಿತು. ತುದಿಯಲ್ಲಿ ನಿಲ್ಲಿಸಿ ಗಂಡನ ಕಡೆ ನೋಡಿದೆ. ಮೆಚ್ಚುಗೆ ಸ್ವೀಕರಿಸಲು ಮುಖ ಸಿದ್ಧವಾಗಿತ್ತು. ಅವರು ನನ್ನನ್ನು ನೋಡುತ್ತಿರಲಿಲ್ಲ.

"ಅದೇನದು ಹಳದಿ?"

ಮೀಟರುಗಳ ನಡುವೆ ಇಂಜಿನ್ ಆಕಾರದ ಎಚ್ಚರಿಕೆ ದೀಪವೊಂದು, ಸಂಜೆ ಎದುರುಮನೆಯ ಕಿಟಕಿಯಲ್ಲಿ ಹತ್ತಿಕೊಂಡಂತೆ ಮೆತ್ತಗೆ ಹತ್ತಿಕೊಂಡಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಊಟ ಮಾಡಲಿಲ್ಲ. ಪೈಪಿನ ಪಟ್ಟಿಗಳನ್ನು ಬಿಗಿಮಾಡಿದೆ. ದೀಪ ಆರಲಿಲ್ಲ. ಗಾಳಿಯನ್ನು ಅಳೆಯುವ ಸೆನ್ಸರನ್ನು ಬಿಚ್ಚಿ ಒರೆಸಿ ಹಾಕಿದೆ. ಆರಲಿಲ್ಲ. ಬ್ಯಾಟರಿಯ ತಂತಿ ಕಳಚಿ ಮತ್ತೆ ಜೋಡಿಸಿದೆ. ಆರಿತು! ಔಷಧದಂಗಡಿಯ ತಿರುವಿನವರೆಗೆ ನಾನು ಲೋಕದ ಅತ್ಯಂತ ಸುಖಿ ಹೆಂಗಸು. ತಿರುವು ದಾಟಿದೊಡನೆ ಮತ್ತೆ ಹತ್ತಿಕೊಂಡಿತು.

"ಹಳೇ ಡಬ್ಬಿನೇ ಹಾಕ್ಬಿಡೋಣ ಕಣೇ. ದೀಪ ಉರೀತಿರೋ ಕಾರನ್ನ ಪರೀಕ್ಷೆಗೆ ಒಳಗೇ ಬಿಡಲ್ಲ."

"ಹಾಕಿದ್ರೆ ಮತ್ತೆ ಏದುಸಿರು ಬಿಡುತ್ತೆ. ಟೈಲರ್ ಅಕ್ಕ ಮತ್ತೆ ಫೇಲು."

"ಹಾಗಾದ್ರೆ ಅಮ್ಮನಿಗೆ ನಿಜ ಹೇಳು."

"ನೀವು ಮೊದಲು ಬಟ್ಟೆ ವಿಷಯದಲ್ಲಿ ನಿಜ ಹೇಳಿ, ಆಮೇಲೆ ನಂಗೆ ಬುದ್ಧಿ ಹೇಳಿ!"

(ಸೋಲುವ ಜಗಳದಲ್ಲಿ ಗೆದ್ದ ಹಳೆಯ ಜಗಳವನ್ನು ಎಳೆದು ತರುವುದು ನನ್ನ ಪದ್ಧತಿ.)

ಭಾನುವಾರ ಮಧ್ಯಾಹ್ನ, ಅತ್ತೆ ಬರುವ ಮುಂಚೆ, ಕರಿ ಟೇಪಿನ ಸಣ್ಣ ಚೂರು ಕತ್ತರಿಸಿ ದೀಪದ ಮೇಲೆ ಅಂಟಿಸಿದೆ. ಅಂಟಿಸುವಾಗ ಬೆಚ್ಚಗಿನ ಆ ಕೀಲಿಯ ನೆನಪಾಯಿತು. ಆದರೂ ಉಗುರಿನಿಂದ ಅಂಚುಗಳನ್ನು ಒತ್ತಿ ನೀಟು ಮಾಡಿದೆ.

ಅತ್ತೆ ಬಂದವರೇ ಕಾರಿನಲ್ಲಿ ಕೂತರು. ಕೀಲಿ ತಿರುಗಿಸಿದರು.

"ಗಡಿಯಾರ ಯಾಕೆ ಹಿಂದೆ ಹೋಗಿದೆ?"

"ಗಡಿಯಾರನಾ ಅತ್ತೆ?" ಎಂದೆ, ಬ್ಯಾಟರಿಯ ತಂತಿ ಕಳಚಿದಾಗ ಅದೂ ನಿಂತಿತ್ತೆಂದು ಆಗಷ್ಟೇ ಹೊಳೆದರೂ, ಅಂಥ ಯಂತ್ರದ ಹೆಸರನ್ನೇ ಕೇಳಿರದವಳಂತೆ.

ಅವರು ಕಿರುಬೆರಳಿನ ಉಗುರಿನಿಂದ ಟೇಪನ್ನು ಮೆಲ್ಲಗೆ ಎಬ್ಬಿಸಿದರು. ಹಳದಿ ದೀಪ ನಮ್ಮಿಬ್ಬರನ್ನೂ ನೋಡಿತು. ಅತ್ತೆ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಅವರ ಕಾಲು ಮಾತ್ರ ಬ್ರೇಕನ್ನು ಒತ್ತಿತು.

"ಹಳೇ ಡಬ್ಬಿ ಎಲ್ಲಿದೆ?"

ಕಂಬಳಿ ಬಿಚ್ಚಿ ತಂದೆ. ಅತ್ತೆ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು. ಗಾಳಿ ಎಳೆದುಕೊಳ್ಳುವ ಮೂತಿಯೊಳಗೆ ಎರಡು ಬೆರಳು ತೂರಿಸಿದರು. ಎಳೆದರು. ಏನೋ ಬಂತು. ಇನ್ನೂ ಎಳೆದರು, ಇನ್ನೂ ಬಂತು.

ನೀಲಿ ಚೌಕುಳಿ.

ಕಾರು ತೊಳೆದ ಆ ಬೆಳಿಗ್ಗೆ ನನ್ನ ಕಣ್ಣ ಮುಂದೆ ಬಂತು. ಒಳಗೆ ನೀರು ಹೋಗಬಾರದೆಂದು ಆ ಮೂತಿಗೆ ಬಟ್ಟೆ ತುರುಕಿದವಳು ನಾನೇ. ತೆಗೆಯಲು ಮರೆತವಳೂ ನಾನೇ. ಕಾರು ಅಂದಿನಿಂದ ನನ್ನ ಅಡುಗೆಮನೆಯ ಬಟ್ಟೆಯ ಮೂಲಕವೇ ಉಸಿರಾಡುತ್ತಾ ದಿಬ್ಬ ಹತ್ತುತ್ತಿತ್ತು. ಹೊಸ ಪೈಪು ಮಾಡಿದ ಒಂದೇ ಉಪಕಾರವೆಂದರೆ ಡಬ್ಬಿಯ ಜೊತೆಗೆ ಆ ಬಟ್ಟೆಯನ್ನೂ ಕಾರಿನಿಂದ ಹೊರಹಾಕಿದ್ದು. ಗಂಡ ಕೆಮ್ಮಿದರು. ಬರೀ ಕೆಮ್ಮಿದರು. ಜಯಭೇರಿ ಬಾರಿಸಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮೂವರೂ ಸೇರಿ ಡಬ್ಬಿಯನ್ನು ಮೊದಲಿನಂತೆ ಕೂರಿಸಿದೆವು. ಬ್ಯಾಟರಿಯ ತಂತಿಯನ್ನು ಇನ್ನೊಮ್ಮೆ ಕಳಚಿ ಜೋಡಿಸಿದೆವು. ಕಾರು ದಿಬ್ಬವನ್ನು ಅದೇ ಚಿಗರೆಯಂತೆ ಹತ್ತಿತು. ಔಷಧದಂಗಡಿಯ ತಿರುವಿನಲ್ಲಿ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ದೀಪವಿರಲಿಲ್ಲ. ಅತ್ತೆ ಗಡಿಯಾರ ಸರಿಮಾಡುತ್ತಿದ್ದರು.

ಸೋಮವಾರ ಮಧ್ಯಾಹ್ನ ನಾನು ಆ ಬಟ್ಟೆಯನ್ನು ಉಜ್ಜುತ್ತಾ ನಿಂತಿದ್ದೆ. ಮಸಿ ಹೋಗುತ್ತಿರಲಿಲ್ಲ. ಅತ್ತೆ ಒಳಗೆ ಬಂದರು.

"ಟೈಲರ್ ಅಕ್ಕ ಪಾಸಾದಳು."

ನಾನು ಉಜ್ಜುವುದನ್ನು ನಿಲ್ಲಿಸಿದೆ.

"ದಿಬ್ಬ ಹತ್ತಿದ ಮೇಲೆ ಕೇಳಿದಳು, ಕಾರಿಗೇನು ಮಾಡಿಸಿದ್ರಿ ಇಷ್ಟು ಹಗುರಾಗಿದೆ ಅಂತ."

"ನೀವು... ಏನಂದ್ರಿ ಅತ್ತೆ?"

"ನಮ್ಮ ಸೊಸೇದೇ ಕೈಕೆಲಸ ಅಂದೆ. ಸುಳ್ಳಲ್ವಲ್ಲ." ಅವರು ಕೀಲಿಯನ್ನು ಮೊಳೆಗೆ ಸಿಕ್ಕಿಸಿದರು. "ಅವಳ ಸ್ಕೂಟರ್ರೂ ಈಚೆಗೆ ಏದುಸಿರು ಬಿಡ್ತಿದೆಯಂತೆ. ಸಂಜೆ ತರ್ತಾಳೆ, ನೀನೇ ನೋಡ್ಬೇಕಂತೆ."

ನಗು ಅವರ ಮುಖದ ಮೇಲಿರಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲೆ ಕೇಳಿಸಿತು.

ನಡುಮನೆಯಿಂದ ಗಂಡನ ದನಿ ಬಂತು, ಅತಿ ವಿನಯದಿಂದ: "ಬಟ್ಟೆ ಜೋಪಾನವಾಗಿಡೇ. ಸಂಜೆ ಬೇಕಾಗುತ್ತಲ್ಲ."