ಕ್ರಿಸ್ಮಸ್ ತಾತನ ಹತ್ತಿರ ಅಪ್ಪನ ಮೇಲೆ ಚಾಡಿ

ನಗಬಾರದ ಕಡೆಯಲ್ಲೇ ನಗು ಬರುವುದು ನಮ್ಮ ಮನೆಗೆ ಅಂಟಿದ ರೋಗ. ಬೇರೆಯವರ ಮನೆಗೆ ಕಷ್ಟ ಬಂದರೆ ಕಷ್ಟ ಮಾತ್ರ ಬರುತ್ತದೆ. ನಮ್ಮಲ್ಲಿ ಅದರ ಬೆನ್ನಿಗೇ ಒಂದು ಎಡವಟ್ಟೂ ಬಂದು ಕೂರುತ್ತದೆ. ನನ್ನ ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಅವಳ ಕೊನೆಯ ಮೂರು ಕ್ರಿಸ್ಮಸ್‌ಗಳನ್ನು ನೆನೆಸಿಕೊಂಡರೆ ಸಂಕಟವಾಗುತ್ತದೆ, ನಗುವೂ ಬರುತ್ತದೆ. ಎರಡರಲ್ಲಿ ಯಾವುದನ್ನು ಮೊದಲು ತಡೆಯಬೇಕೋ ಇವತ್ತಿಗೂ ತಿಳಿದಿಲ್ಲ.

ನಾನು ರೇಷ್ಮೆ ಇಲಾಖೆಯಲ್ಲಿದ್ದವನು. ಹುಳ ಸಾಕುವವರ ಮನೆಗೆ ಹೋಗಿ, ಹೀಗೆ ಸಾಕಿ, ಹಾಗೆ ಸಾಕಬೇಡಿ ಎಂದು ಬುದ್ಧಿ ಹೇಳುವ ಕೆಲಸ. ಎರಡು ಸಾವಿರದ ಇಸವಿ ಕಳೆದ ಮೇಲೆ ಮೊದಲು ಗೌರಿಬಿದನೂರು, ಆಮೇಲೆ ಶಿಡ್ಲಘಟ್ಟ, ಕೊನೆಗೆ ಚಿಂತಾಮಣಿ ಎಂದು ವರ್ಗವಾಗುತ್ತಾ ಹೋಯಿತು. ಜೊತೆಗೆ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಒಂದು ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಕ್ರಿಸ್ಮಸ್ ತಾತನ ವೇಷ ಇರುತ್ತಿತ್ತು.

೧. ತಾತನ ಕೋರ್ಟು

ಈ ಪದ್ಧತಿಯನ್ನು ಗೌರಿಬಿದನೂರಿನಲ್ಲಿ ಶುರು ಮಾಡಿದ್ದು ನನ್ನ ಹೆಂಡತಿಯೇ. ಹಬ್ಬದ ಹಿಂದಿನ ದಿನ ಸಂಜೆ ನಾನು ಹಿಂಬಾಗಿಲಿನಿಂದ ಹೊರಗೆ ಹೋಗಿ, ಅವಳು ಹೊಲಿದ ಕೆಂಪು ನಿಲುವಂಗಿ ಹಾಕಿಕೊಂಡು, ಹೊಟ್ಟೆಗೆ ಕೆಂಪು ಬಟ್ಟೆಯ ದಿಂಬು ಕಟ್ಟಿ, ಹತ್ತಿಯ ಗಡ್ಡ ಏರಿಸಿ ಮುಂಬಾಗಿಲಿನಿಂದ ಬರಬೇಕು. ಮಕ್ಕಳು ಒಬ್ಬೊಬ್ಬರಾಗಿ ಬಂದು ಅಪ್ಪನ ಮೇಲೆ ಚಾಡಿ ಹೇಳಬೇಕು. ತಾತ ಸುಮ್ಮನೆ ಕೇಳಿಸಿಕೊಂಡು, ಅವರು ಹೇಳಿದ ಶಿಕ್ಷೆಯನ್ನು ಅಪ್ಪನಿಗೆ ಮುಟ್ಟಿಸಬೇಕು. ತಾತನ ಹತ್ತಿರ ಏನೇ ಹೇಳಿದರೂ ಅಪ್ಪ ಕೋಪ ಮಾಡಿಕೊಳ್ಳುವ ಹಾಗಿಲ್ಲ. ವೇಷದೊಳಗಿರುವುದು ಯಾರು ಎಂದು ಎಲ್ಲರಿಗೂ ಗೊತ್ತು, ಆದರೆ ಯಾರೂ ಬಾಯಿ ಬಿಡುವಂತಿಲ್ಲ.

ಮೊದಲ ವರ್ಷ ದೊಡ್ಡವಳಿಗೆ ಎಂಟು, ಚಿಕ್ಕವಳಿಗೆ ನಾಲ್ಕು.

"ತಾತ, ನಮ್ಮಪ್ಪ ಲೆಕ್ಕ ತಪ್ಪು ಹೇಳ್ಕೊಟ್ಟು ಮಿಸ್ ಕೈಲಿ ನಂಗೆ ಏಟು ಬೀಳಿಸಿದ್ರು," ಎಂದಳು ದೊಡ್ಡವಳು.

"ಏನ್ ಮಾಡಣಮ್ಮ ನಿಮ್ಮಪ್ಪಂಗೆ?"

"ಇಪ್ಪತ್ತು ಬಸ್ಕಿ."

ಚಿಕ್ಕವಳ ದೂರು ಬೇರೆ. "ನಮ್ಮಪ್ಪ ಹುಳದ ವಾಸ್ನೆ. ಮುತ್ತು ಕೊಡಬಾರ್ದು."

"ಯಾವತ್ತೂನಾ?" ಎಂದೆ. ನನಗೆ ನಿಜವಾಗಿಯೂ ಬೇಜಾರಾಗಿತ್ತು.

ಅವಳು ಯೋಚನೆ ಮಾಡಿದಳು. "ಸ್ನಾನ ಮಾಡಿದ್ಮೇಲೆ ಕೊಡ್ಬೋದು."

ಮುಂಬಾಗಿಲಿನಿಂದ ಹೋಗಿ, ಮನೆ ಸುತ್ತಿಕೊಂಡು, ಹಿತ್ತಲಲ್ಲಿ ವೇಷ ಕಳಚಿಟ್ಟು, ಅಡುಗೆಮನೆಯಿಂದ ಒಳಗೆ ಬಂದೆ. "ಯಾರಾದ್ರೂ ಬಂದಿದ್ರೇನಮ್ಮ?" ಎಂದು ಕೇಳಿ ಇಪ್ಪತ್ತು ಬಸ್ಕಿ ಹೊಡೆದೆ. ಹೆಂಡತಿ ಎಣಿಸುತ್ತಾ ಹದಿಮೂರಾದ ಮೇಲೆ ಮತ್ತೆ ಹನ್ನೊಂದಕ್ಕೆ ಹೋದಳು. ಇದನ್ನೆಲ್ಲ ಮನೆ ಓನರಮ್ಮ ಕಿಟಕಿಯಿಂದ ನೋಡಿದ್ದಾರೆ. ಬೆಳಿಗ್ಗೆ ಗೇಟಿನ ಹತ್ತಿರ ನನ್ನನ್ನು ಹಿಡಿದರು.

"ಸಾರ್, ನಿಮ್ ತಾತ ನಮ್ಮನೆಗೂ ಬರ್ತಾರಾ? ಮಾ ಆಯನ, ನಮ್ಮ ಯಜಮಾನ್ರ ಮೇಲೆ ಇಪ್ಪತ್ತೆರಡು ವರ್ಷದ ಕಂಪ್ಲೇಂಟು ಐತೆ. ಒಂದು ಸಾಯಂಕಾಲ ಸಾಲಲ್ಲ, ವಾರ ರಜಾ ಹಾಕಿ ಬರಕ್ಕೇಳಿ."

೨. ಮರಕ್ಕೆ ಜೀವ ಬಂತು

ಶಿಡ್ಲಘಟ್ಟಕ್ಕೆ ಬಂದ ಎರಡನೇ ವರ್ಷ ಹೆಂಡತಿಗೆ ಎದೆಯಲ್ಲಿ ಗಂಟು ಕಾಣಿಸಿತು. ನವೆಂಬರಿನಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಲ್ಲ ತೆಗೆದಿದ್ದೇವೆ ಎಂದರು. ನಾವು ನಂಬಿದೆವು. ನಂಬದೆ ಇನ್ನೇನು ಮಾಡುವುದು?

ಮನೆಗೆ ಬಂದವಳು ಮಾತೇ ಆಡುತ್ತಿರಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದಳು. ಅವಳನ್ನು ಒಂದು ಸಲ ನಗಿಸಿದರೆ ಸಾಕು ಎಂದು ನಾನೂ ಮಕ್ಕಳೂ ಪಣ ತೊಟ್ಟೆವು. ಸರ್ವೆ ಕೊಂಬೆ ತಂದು ಕ್ರಿಸ್ಮಸ್ ಮರವೆಂದು ನಿಲ್ಲಿಸಿ, ಅದರ ಕೆಳಗೆ ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳನ್ನು ಜೋಡಿಸಿ ಗೋದಲಿ ಮಾಡಿದೆವು. ಅಂಗಡಿಯ ಬಣ್ಣದ ಗೋಲಿ ಎಲ್ಲರ ಮನೆಯಲ್ಲೂ ಇರುತ್ತದೆ, ನಾವು ರೇಷ್ಮೆಯವರಲ್ಲವೇ ಎಂದುಕೊಂಡು ದಿಬ್ಬೂರಹಳ್ಳಿಯ ರೈತರೊಬ್ಬರಿಂದ ಒಂದು ಬುಟ್ಟಿ ಒಳ್ಳೆಯ ಗೂಡು ತಂದೆ. ಹಳದಿ, ಬಿಳಿ, ಒಂದೊಂದಕ್ಕೂ ದಾರ ಕಟ್ಟಿ ನೇತುಹಾಕಿದೆವು. ನೋಡಿದವರೆಲ್ಲ ಭೇಷ್ ಎಂದರು. ನನಗೆ ಇಲಾಖೆಯಲ್ಲಿ ಹದಿನಾಲ್ಕು ವರ್ಷ ಸರ್ವೀಸು. ಗೂಡನ್ನು ಬೇಯಿಸದೆ ಬಿಟ್ಟರೆ ಹತ್ತು ದಿನದಲ್ಲಿ ಏನಾಗುತ್ತದೆ ಎಂದು ಊರೂರಿಗೆ ಪಾಠ ಮಾಡಿದವನು. ನನಗೆ ಹೊಳೆಯಲಿಲ್ಲ.

ಕ್ರಿಸ್ಮಸ್ ಬೆಳಿಗ್ಗೆ ಎದ್ದು ನೋಡಿದರೆ ಮರ ಅಲುಗಾಡುತ್ತಿದೆ. ಗೂಡನ್ನು ತೂತು ಮಾಡಿಕೊಂಡು ಚಿಟ್ಟೆಗಳು ಬಂದಿವೆ, ಒಂದಲ್ಲ ಎರಡಲ್ಲ, ನೂರಾರು. ಹಾರಲಾರದ ದಪ್ಪ ಬಿಳಿ ಚಿಟ್ಟೆಗಳು ರೆಕ್ಕೆ ಪಟಪಟ ಬಡಿಯುತ್ತಾ ಗೋದಲಿಯ ಮೇಲೆ, ಕುರಿಗಳ ಮೇಲೆ, ಜೋಸೆಫನ ತಲೆಯ ಮೇಲೆ ಓಡಾಡುತ್ತಿವೆ. ಹೋದಲ್ಲೆಲ್ಲ ಕಂದು ನೀರು ಬಿಟ್ಟಿವೆ. ಗೂಡಿನಿಂದ ಬಂದ ಚಿಟ್ಟೆಗೆ ಊಟವಿಲ್ಲ, ನಿದ್ದೆಯಿಲ್ಲ, ಇರುವುದು ಒಂದೇ ಕೆಲಸ. ಆ ಕೆಲಸವನ್ನು ಜೋಡಿಜೋಡಿಯಾಗಿ ಗೋದಲಿಯ ಎದುರಿಗೇ ಶುರು ಹಚ್ಚಿಕೊಂಡಿವೆ.

ಅದೇ ಹೊತ್ತಿಗೆ ಚರ್ಚಿನ ಅಯ್ಯನವರು ರೋಗಿಯನ್ನು ನೋಡಲು ಬಂದರು. ಚಿಕ್ಕವಳು ಗಟ್ಟಿಯಾಗಿ ಕೇಳಿದಳು, "ಅಪ್ಪ, ಅವು ಯಾಕೆ ಒಂದಕ್ಕೊಂದು ಅಂಟ್ಕೊಂಡವೆ?"

"ಪ್ರಾರ್ಥನೆ ಮಾಡ್ತಾ ಇವೆ ಕಣಮ್ಮ."

"ಎಷ್ಟು ಹೊತ್ತು ಮಾಡ್ತವೆ?"

"ಮೂರ್ನಾಲ್ಕು ಗಂಟೆ," ಎಂದು ಇಲಾಖೆಯ ಬಾಯಿ ನಿಜ ಹೇಳಿಬಿಟ್ಟಿತು.

ಅಯ್ಯನವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ನಮ್ಮ ಸಭೆಯವರು ಅರ್ಧ ಗಂಟೆಗೇ ಎದ್ದು ಹೋಗ್ತಾರೆ," ಎಂದರು.

ಒಳಗಿನ ಮಂಚದಿಂದ ಒಂದು ಸದ್ದು ಬಂತು. ನಾನು ಹೆದರಿ ಓಡಿದೆ. ಹೆಂಡತಿ ಎರಡೂ ಕೈಯಿಂದ ಎದೆ ಒತ್ತಿ ಹಿಡಿದುಕೊಂಡು ನಗುತ್ತಿದ್ದಳು. "ಅವ್ರನ್ನ ಮೊದ್ಲು ಕಳ್ಸಿ ರೀ, ಹೊಲಿಗೆ ಬಿಚ್ಕೊಳತ್ತೆ!"

೩. ಹತ್ತು ನಿಮಿಷದ ಅಜ್ಜಿ

ಮರುವರ್ಷ ಔಷಧಿಯ ಡ್ರಿಪ್ಪು ಹಾಕಿಸಿಕೊಂಡು ಅವಳ ಕೂದಲೆಲ್ಲ ಉದುರಿತು. ಮಂಡಿ ಮುಟ್ಟುವ ಜಡೆ ಇದ್ದವಳು. ಕನ್ನಡಿಗೆ ಟವೆಲ್ ಹೊದಿಸಿಟ್ಟಿದ್ದಳು. ಹೊರಗೆ ಬಂದರೆ ತಲೆ ತುಂಬ ಸೆರಗು.

ಡಿಸೆಂಬರಿನ ಒಂದು ಸಂಜೆ ಚಿಕ್ಕವಳು ತಾತನ ಪೆಟ್ಟಿಗೆಯಿಂದ ಹತ್ತಿಯ ಗಡ್ಡ ತೆಗೆದು, ಎಲಾಸ್ಟಿಕ್ ಎಳೆದು, ಅಮ್ಮನ ತಲೆಗೆ ಏರಿಸಿದಳು. "ಅಮ್ಮ, ನಿಂಗೆ ಕೂದ್ಲು ಬಂತು." ಹೆಂಡತಿ ಅಳುತ್ತಾಳೆಂದು ನಾನು ಗಡ್ಡ ತೆಗೆಯಲು ಕೈ ಚಾಚಿದೆ. ಅವಳು ಅಳಲಿಲ್ಲ. ಟವೆಲ್ ಸರಿಸಿ ಕನ್ನಡಿ ನೋಡಿಕೊಂಡಳು, ಹತ್ತಿಯನ್ನು ಹಿಂದಕ್ಕೆಳೆದು ತುರುಬಿನ ಹಾಗೆ ಮಾಡಿದಳು. ಆಗಲೇ ಬಾಗಿಲು ಬಡಿದ ಸದ್ದಾಯಿತು. ತಲೆಯ ಮೇಲೆ ಏನಿದೆ ಎಂಬುದನ್ನು ಮರೆತು ಹೋಗಿ ತೆರೆದಳು. ಮನೆಮನೆಗೆ ಹಾಡುತ್ತಾ ಹೋಗುವ ಕ್ಯಾರಲ್ ಗುಂಪಿನವರು, ಬೇರೆ ಊರಿನ ಸಭೆಯ ಹುಡುಗರು. ಮಬ್ಬು ಬೆಳಕು.

"ಅಜ್ಜೀ, ಮನೇಲಿ ಬೇರೆ ಯಾರೂ ಇಲ್ವಾ?" ಎಂದ ಮುಂದಿದ್ದವನು.

ಅವಳು ತಲೆಯ ಮೇಲಿನ ಹತ್ತಿ ಮುಟ್ಟಿ ನೋಡಿಕೊಂಡಳು. ಆಮೇಲೆ ಬೆನ್ನು ಬಗ್ಗಿಸಿ, ಬಾಗಿಲ ಚೌಕಟ್ಟು ಹಿಡಿದು, ದನಿ ನಡುಗಿಸಿದಳು. "ಇಲ್ಲಪ್ಪ. ಸೊಸೆ ತವರಿಗೆ ಹೋಗವ್ಳೆ. ಒಂದ್ ಲೋಟ ಕಾಫಿ ಕೊಡೋರಿಲ್ಲ ನಂಗೆ."

ಹುಡುಗರು ಅಯ್ಯೋ ಪಾಪ ಎಂದು ಎರಡು ಹಾಡು ಹೆಚ್ಚಿಗೆ ಹಾಡಿದರು. ಅಜ್ಜಿಗೆ ನೂರು ವರ್ಷ ಆಯುಸ್ಸು ಕೊಡಪ್ಪ ದೇವರೇ ಎಂದು ಪ್ರಾರ್ಥನೆಯನ್ನೂ ಮಾಡಿದರು. ಒಳಗೆ ನಾನೂ ಮಕ್ಕಳೂ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆವು. ಅವಳಿಗಾಗ ಮೂವತ್ತೇಳು ವರ್ಷ. ಮುದುಕಿಯಾದರೆ ಇವಳು ಹೀಗೇ ಇರುತ್ತಾಳೆ ಎಂದು ನೋಡುತ್ತಾ ನಿಂತವನಿಗೆ ನಗು ಅರ್ಧಕ್ಕೇ ನಿಂತಿತು.

ಅವಳು ಬಾಗಿಲು ಹಾಕಿ ಬಂದು ಗಡ್ಡ ತೆಗೆದು ನನ್ನ ಕೈಗಿಟ್ಟಳು. "ನೋಡಿದ್ರಾ, ಮುದುಕಿ ಆಗೋದು ಎಷ್ಟು ಸಲೀಸು! ಜನ ಸುಮ್ನೆ ನಲವತ್ತು ವರ್ಷ ಕಾಯ್ತಾರೆ."

೪. ಈರುಳ್ಳಿ

ಚಿಂತಾಮಣಿಗೆ ವರ್ಗವಾಗಿ ಬಂದ ವರ್ಷ, ಅಕ್ಟೋಬರಿನಲ್ಲಿ, ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು. "ಲಿವರಿಗೂ ಹರಡಿದೆ. ಬೇಸಿಗೆ ದಾಟೋದು ಕಷ್ಟ," ಎಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದವಳು ಏನಂದ್ರು ಎಂದಳು. "ಲಿವರ್ ಸ್ವಲ್ಪ ಊದಿದೆಯಂತೆ, ಖಾರ ಮಸಾಲೆ ಬಿಟ್ರೆ ಸರಿಹೋಗತ್ತಂತೆ," ಎಂದೆ. ನಿಜ ತಿಳಿದರೆ ಅವಳು ಕ್ರಿಸ್ಮಸ್ಸಿನ ತನಕವೂ ಉಳಿಯುವುದಿಲ್ಲ ಎಂದು ನನಗೆ ನಾನೇ ಸಬೂಬು ಹೇಳಿಕೊಂಡೆ. ಇದ್ದದ್ದು ಇಷ್ಟೇ: ಹೇಳುವ ಧೈರ್ಯ ನನಗಿರಲಿಲ್ಲ. ಸುಳ್ಳಿಗೆ ಒತ್ತಾಸೆಯಾಗಲಿ ಎಂದು ಮನೆಯವರೆಲ್ಲ ಎರಡು ತಿಂಗಳು ಖಾರವಿಲ್ಲದ ಸಾರು ತಿಂದೆವು.

ಮೇಲೂರಿನಿಂದ ನಮ್ಮಕ್ಕ ಹಬ್ಬದ ಕೆಲಸಕ್ಕೆಂದು ಬಂದಳು. ಅವಳಿಗೆ ಮಾತ್ರ ನಿಜ ಹೇಳಿದ್ದೆ. ಅದೇ ನಾನು ಮಾಡಿದ ತಪ್ಪು. ಬಸ್ಸಿಳಿದವಳು ಗೇಟಿನಲ್ಲೇ "ಅಯ್ಯೋ ನನ್ ಬಂಗಾರ" ಎಂದು ರಾಗ ತೆಗೆಯುವವಳಿದ್ದಳು. ಹಿಡಿದೆಳೆದು ಅಡುಗೆಮನೆಗೆ ತಳ್ಳಿ, ಹಬ್ಬಕ್ಕೆ ತಂದಿದ್ದ ಈರುಳ್ಳಿ ಮೂಟೆಯಿಂದ ಒಂದಷ್ಟು ಅವಳ ಮುಂದೆ ಸುರಿದೆ. "ಅಕ್ಕ, ಅಳು ಬಂದಾಗೆಲ್ಲ ಇದನ್ನ ಹೆಚ್ಚು."

ಪುಣ್ಯಾತ್ಗಿತ್ತಿ, ಹೇಳಿದ ಮಾತು ಮೀರಲಿಲ್ಲ. ಹೆಂಡತಿ ಕೆಮ್ಮಿದರೆ ಅರ್ಧ ಕೇಜಿ. ಮಕ್ಕಳು ಅಮ್ಮನ ಪಕ್ಕ ಮಲಗಿದರೆ ಅರ್ಧ ಕೇಜಿ. ನಾಲ್ಕು ದಿನದಲ್ಲಿ ಮೂಟೆಯ ತಳ ಕಂಡಿತು. ಹೆಚ್ಚಿದ್ದನ್ನು ಎಸೆಯಲಾಗುವುದಿಲ್ಲವಲ್ಲ, ಉಪ್ಪಿಟ್ಟಿಗೆ ಈರುಳ್ಳಿ, ರೊಟ್ಟಿಗೆ ಈರುಳ್ಳಿ, ಮೊಸರಿಗೆ ಈರುಳ್ಳಿ.

ಐದನೇ ದಿನ ಹೆಂಡತಿ ತಟ್ಟೆ ನೋಡಿ, "ನಿಮ್ಮಕ್ಕ ಬಂದ್ಮೇಲೆ ಈರುಳ್ಳಿ ಪಾಯಸ ಒಂದು ಬಾಕಿ," ಎಂದಳು. ಅದನ್ನು ಕೇಳಿದ ಅಕ್ಕನಿಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಓಡಿದಳು. ಈರುಳ್ಳಿ ಮುಗಿದಿತ್ತು. ಅವಸರದಲ್ಲಿ ಕೈಗೆ ಸಿಕ್ಕಿದ ಸೌತೆಕಾಯಿಯನ್ನೇ ಹೆಚ್ಚುತ್ತಾ ಬಿಕ್ಕಿಬಿಕ್ಕಿ ಅತ್ತಳು.

೫. ತಾತನ ಹೊಟ್ಟೆ

ಆಸ್ಪತ್ರೆಯ ರಿಪೋರ್ಟನ್ನು ಎಲ್ಲಿ ಬಚ್ಚಿಡುವುದು? ಪ್ರತಿ ತಿಂಗಳು ತೋರಿಸಬೇಕಾದ್ದು, ಹರಿದುಹಾಕುವಂತಿಲ್ಲ. ಆಫೀಸಿನಲ್ಲಿಟ್ಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು. ಎರಡು ಕೋಣೆಯ ಮನೆ, ಕಾಯಿಲೆ ಮಲಗಿದ್ದರೂ ಬೀರು ಒರೆಸುವ ಹೆಂಡತಿ. ಬಹಳ ಯೋಚನೆ ಮಾಡಿ, ತಾತನ ವೇಷದ ದಿಂಬು ಬಿಚ್ಚಿ, ರಿಪೋರ್ಟು ಒಳಗಿಟ್ಟು, ನಾನೇ ಹೊಲಿಗೆ ಹಾಕಿದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಹಬ್ಬದ ಹಿಂದಿನ ಸಂಜೆ ಅದೇ ದಿಂಬು ಕಟ್ಟಿಕೊಂಡು ಮುಂಬಾಗಿಲಿನಿಂದ ಬಂದು ಕೂತೆ. ಚಿಕ್ಕವಳು ಬಂದು ಈರುಳ್ಳಿಯ ಮೇಲೆ ಚಾಡಿ ಹೇಳಿದಳು. ದೊಡ್ಡವಳಿಗೆ ಹದಿನಾಲ್ಕು, ಬರುವುದಿಲ್ಲ ಎಂದುಕೊಂಡಿದ್ದೆ, ಬಂದಳು.

"ತಾತ, ನಮ್ಮಪ್ಪ ಈಗ ಬೈಯೋದೇ ಇಲ್ಲ. ಟೆಸ್ಟಲ್ಲಿ ಫೇಲಾದ್ರೂ ಬೈಯಲ್ಲ. ನಂಗೆ ಭಯ ಆಗತ್ತೆ. ಒಂದ್ಸಲ ಬೈಯಕ್ಕೇಳಿ."

ಹೇಳ್ತೀನಮ್ಮ ಎಂದೆ. ಎದ್ದು ಹೋಗಬೇಕು ಎನ್ನುವಷ್ಟರಲ್ಲಿ ಹೆಂಡತಿ ಗೋಡೆ ಹಿಡಿದುಕೊಂಡು ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. ಇಷ್ಟು ವರ್ಷದಲ್ಲಿ ಅವಳು ಒಮ್ಮೆಯೂ ಚಾಡಿ ಹೇಳಿದವಳಲ್ಲ.

"ನೀವಿಬ್ರೂ ಹೋಗಿ ಹೊರಗಡೆ ಸ್ಟಾರ್ ದೀಪ ಹಾಕ್ರಮ್ಮ," ಎಂದು ಮಕ್ಕಳನ್ನು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ತಾತ, ನಮ್ಮ ಯಜಮಾನ್ರಿಗೆ ಸುಳ್ಳು ಹೇಳಕ್ಕೆ ಬರಲ್ಲ. ಬರದೇ ಇರೋ ಕೆಲ್ಸ ಯಾಕೆ ಮಾಡ್ಬೇಕು?"

"ಏನ್ ಸುಳ್ಳಮ್ಮ?"

"ನಿಮ್ಮ ಹೊಟ್ಟೆ ಈ ಸಲ ಪರಪರ ಅಂತಾ ಇದೆ."

ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡೆ.

"ವೇಷ ಬಿಸಿಲಿಗೆ ಹಾಕಣ ಅಂತ ತೆಗ್ದೆ. ಕೆಂಪು ದಿಂಬಿಗೆ ಬಿಳೀ ದಾರದ ಹೊಲಿಗೆ! ಬಿಚ್ಚಿ ಓದ್ದೆ. ಇಂಗ್ಲಿಷು, ಅರ್ಧ ಅರ್ಥ ಆಗ್ಲಿಲ್ಲ. ಅರ್ಥ ಆದ ಅರ್ಧನೇ ಸಾಕಾಯ್ತು. ಅವ್ರಿಗೆ ಗೊತ್ತಾಗ್ಬಾರ್ದು ಅಂತ ಮತ್ತೆ ಒಳಗಿಟ್ಟು, ಅವ್ರ ಥರಾನೇ ಹೊಲ್ದೆ. ಅಷ್ಟು ಕೆಟ್ಟದಾಗಿ ಹೊಲಿಯಕ್ಕೆ ನಂಗೆ ಒಂದು ಮಧ್ಯಾಹ್ನ ಹಿಡೀತು ತಾತ."

ಗಡ್ಡ ಒದ್ದೆಯಾಗಿ ಮುಖಕ್ಕೆ ಅಂಟಿಕೊಂಡಿತು. ಆದರೂ ತಾತ ಕೇಳಲೇಬೇಕಾದ್ದನ್ನು ಕೇಳಿದೆ. "ಏನ್ ಮಾಡಣಮ್ಮ ಅವ್ರಿಗೆ?"

"ಬಸ್ಕಿ ಬೇಡ, ಮಂಡಿನೋವಿದೆ. ನಂಗೆ ಖಾರದ ಸಾರು ಬೇಕು, ನಾಳೆಯಿಂದಾನೇ. ಇನ್ನೊಂದು ಮಾತು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ, ನಂಗೆ ಕೇಳಿಸ್ಬಾರ್ದು ಅಂತ. ಹತ್ತು ದಿನಕ್ಕೊಂದ್ಸಲ ನೀರು ಬಿಡೋ ಊರಿದು, ಟ್ಯಾಂಕೆಲ್ಲ ಖಾಲಿಯಾಗತ್ತೆ. ಅಳೋದಾದ್ರೆ ನನ್ ಪಕ್ಕದಲ್ಲಿ ಕೂತ್ಕೊಂಡು ಅಳಲಿ, ನಲ್ಲಿ ಮುಚ್ಚಿ."

ನಾನು ತಲೆಯಾಡಿಸಿ ಎದ್ದೆ. ಹೊರಗೆ ಸ್ಟಾರಿನ ಕೆಳಗೆ ನಿಂತಿದ್ದ ಮಕ್ಕಳನ್ನು ದಾಟಿ, ಮನೆ ಸುತ್ತಿಕೊಂಡು ಹಿತ್ತಲಿಗೆ ಬಂದು ವೇಷ ಕಳಚಿದೆ. ಇನ್ನು ಅಪ್ಪನಾಗಿ ಒಳಗೆ ಹೋಗಬೇಕು, ಯಾರಾದ್ರೂ ಬಂದಿದ್ರಾ ಎಂದು ಕೇಳಬೇಕು. ಅಳು ಒತ್ತರಿಸಿಕೊಂಡು ಬಂತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತೆ. ಮಕ್ಕಳಿಗೆ ಕೇಳಿಸಬಾರದಲ್ಲ ಎಂದು ಕೈ ತನ್ನಷ್ಟಕ್ಕೆ ತಾನೇ ಹೋಗಿ ಪಕ್ಕದ ನಲ್ಲಿ ತಿರುಗಿಸಿತು.

ಒಳಗಿನಿಂದ ಹೆಂಡತಿಯ ದನಿ ಬಂತು.

"ಏನ್ರೀ! ತಾತ ದಾರೀಲಿ ಸಿಕ್ಕಿ ನಿಮ್ಗೇನೂ ಹೇಳ್ಲಿಲ್ವಾ?"