ನಿಟ್ಟುಸಿರು ಬಿಟ್ಟ ಫ್ರಿಜ್ಜು

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ಮಹಾಪುರುಷ ನಾನು! ಇಳಿಜಾರಿನಲ್ಲಿ ಸ್ಟಿಯರಿಂಗ್ ಕೈಬಿಟ್ಟು ನನ್ನ ತೋಳು ಹಿಡಿದುಕೊಂಡವರನ್ನೂ ಡ್ರೈವರುಗಳನ್ನಾಗಿ ಮಾಡಿದ್ದೇನೆ. ಅಂಥವನಿಗೆ ತನ್ನ ಕಣ್ಣಿಗೆ ತಾನೇ ಒಂದು ಹನಿ ಔಷಧ ಹಾಕಿಕೊಳ್ಳಲು ಬರುವುದಿಲ್ಲವೇ? "ಯಾರ ಹಂಗೂ ಬೇಡ ಡಾಕ್ಟ್ರೇ! ನನ್ನ ಕಣ್ಣು, ನನ್ನ ಕೈ!" ಎಂದು ಎದೆ ತಟ್ಟಿ ಹೇಳಿ ಬಂದೆ. ಎದೆ ತಟ್ಟಿದ್ದನ್ನು ನೋಡಲು ಅಲ್ಲಿ ಡಾಕ್ಟರಮ್ಮನಾದರೂ ಇದ್ದರು. ಮನೆಗೆ ಬಂದರೆ ಬೀಗ ತೆಗೆಯುವವನೂ ನಾನೇ, "ಬಂದ್ರಾ?" ಎಂದು ಕೇಳಬೇಕಾದವನೂ ನಾನೇ.

ನನಗಿರುವುದು ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಏರಿ, ನೋಟವನ್ನು ಅಂಚಿನಿಂದ ಸದ್ದಿಲ್ಲದೆ ಮೇಯುತ್ತಾ ಬರುವ ಕಾಯಿಲೆ. ಅದನ್ನು ತಡೆಯಲು ಪ್ರತಿ ಸಂಜೆ ಮೂರು ಬಾಟಲಿ: ನೀಲಿ ಮುಚ್ಚಳದ್ದು, ಹಳದಿ ಮುಚ್ಚಳದ್ದು, ಕೊನೆಗೆ ಫ್ರಿಜ್ಜಿನಲ್ಲೇ ವಾಸ ಮಾಡುವ ಬಿಳಿ ಮುಚ್ಚಳದ ಮಹಾರಾಣಿ. ಒಂದು ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ, ಐದು ನಿಮಿಷ ಕೂರಬೇಕು. ಆಮೇಲೆ ಇನ್ನೊಂದು.

ಮೊದಮೊದಲು ಹನಿ ಹಣೆಗೆ ಬಿತ್ತು, ಮೀಸೆಗೆ ಬಿತ್ತು, ಒಮ್ಮೆ ಕಿವಿಗೂ ಹೋಯಿತು. ನನ್ನ ಮೀಸೆಗೆ ಮಾತ್ರ ಜನ್ಮದಲ್ಲಿ ಗ್ಲಾಕೋಮಾ ಬರುವುದಿಲ್ಲ! ಹೇಗೋ ಗುರಿ ಕಲಿತೆ. ಕಲಿಯಲಾಗದ್ದು ಆ ಐದು ನಿಮಿಷ.

ನನ್ನಾಕೆ ಇದ್ದಾಗ ಹನಿ ಹಾಕುತ್ತಿದ್ದವಳು ಅವಳೇ. ಹಾಕಿದವಳು ಪಕ್ಕದಲ್ಲೇ ಕೂತು ಎದುರುಮನೆಯ ಜಗಳ, ಬಸ್ಸಿನಲ್ಲಿ ಸಿಕ್ಕ ಹೆಂಗಸು, ನನ್ನ ಗೊರಕೆ ಎಲ್ಲದರ ವರದಿ ಒಪ್ಪಿಸುತ್ತಿದ್ದಳು.

"ಆಯ್ತೇನೇ ಐದು ನಿಮಿಷ?"

"ಸುಮ್ನೆ ಕೂತ್ಕೊಳ್ರೀ, ಅವಳ ನಾದಿನಿ ಏನಂದ್ಲು ಅಂತ ಇನ್ನೂ ಹೇಳಿಲ್ಲ!"

ನಾದಿನಿ ಮಾತಾಡಿ ಮುಗಿಸುವಷ್ಟರಲ್ಲಿ ಐದಲ್ಲ, ಎಂಟು ನಿಮಿಷವೇ ಆಗಿರುತ್ತಿತ್ತು. ಹೋದ ವರ್ಷ ಅವಳು ತೀರಿಕೊಂಡಳು. ಈಗ ಕಣ್ಣು ಮುಚ್ಚಿದರೆ ಮನೆಯ ಮೌನವೆಲ್ಲ ಬಂದು ಕಿವಿಯಲ್ಲಿ ಕೂರುತ್ತಿತ್ತು. ನನಗೆ ತಡೆಯಲಾಗುತ್ತಿರಲಿಲ್ಲ. ಅರ್ಧ ನಿಮಿಷಕ್ಕೇ ಕಣ್ಣು ಬಿಟ್ಟು, ನೀಲಿಯ ಮೇಲೆ ಹಳದಿ, ಹಳದಿಯ ಮೇಲೆ ಬಿಳಿ ಸುರಿದುಕೊಂಡು ಎದ್ದುಬಿಡುತ್ತಿದ್ದೆ.

ಮುಂದಿನ ತಪಾಸಣೆಯಲ್ಲಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಮೇಷ್ಟ್ರೇ, ಒತ್ತಡ ಏರಿದೆಯಲ್ರೀ! ನಡುವೆ ಐದು ನಿಮಿಷ ಬಿಡ್ತಿದ್ದೀರಾ?"

"ಬಿಡ್ತೀನಿ ಡಾಕ್ಟ್ರೇ, ಹೆಚ್ಚು ಕಮ್ಮಿ."

"ಹೆಚ್ಚೋ, ಕಮ್ಮಿಯೋ?"

"ಕಮ್ಮಿ."

"ಹಾಗೆ ಬೆನ್ನುಬೆನ್ನಿಗೆ ಹಾಕಿದ್ರೆ ಎರಡನೇದು ಮೊದಲನೇದನ್ನ ತೊಳ್ಕೊಂಡು ಹೋಗುತ್ತೆ. ಇನ್ನೊಂದು ಸಲ ನೋಡ್ತೀನಿ. ಇಳೀಲಿಲ್ಲ ಅಂದ್ರೆ ಆ ಕಾರಿನ ಸೀಟು ಬಿಟ್ಟುಬಿಡಿ. ಪಕ್ಕದಿಂದ ಬರೋ ಸೈಕಲ್ಲು ನಿಮಗೆ ಕಾಣದಿದ್ರೆ ಸೈಕಲ್ಲಿನವನ ಗತಿ ಏನು?"

ಸೀಟು ಹೋದರೆ ಸಂಬಳ ಹೋಗುತ್ತದೆ, ಅದು ಹಾಳಾಗಿ ಹೋಗಲಿ. ದಿನದಲ್ಲಿ ಯಾರಾದರೂ ನನ್ನ ಪಕ್ಕ ಬಂದು ಕೂರುವುದು ಆ ಕಾರಿನಲ್ಲಿ ಮಾತ್ರ. ಬ್ರೇಕು ಯಾವುದು, ಆಕ್ಸಿಲರೇಟರ್ ಯಾವುದು ಎಂದು ಗೊತ್ತಿಲ್ಲದೆ ನನ್ನನ್ನು ಕೊಲ್ಲಲು ಹೊರಟವರೇ ಆದರೂ ಪಕ್ಕದಲ್ಲಿರುತ್ತಾರಲ್ಲ!

ಆ ಸಂಜೆ ನೀಲಿ ಹಾಕಿಕೊಂಡವನು, ಫ್ರಿಜ್ಜಿನ ತಂಪು ಔಷಧಕ್ಕೆ ಸರಿಯಾಗಿದೆಯೋ ಇಲ್ಲವೋ ಎಂದು ಅನುಮಾನ ಬಂದು, ಅದರ ಬಾಗಿಲಿಗೆ ಅಂಟಿಸಿದ್ದ ಕಂಪನಿಯ ನಂಬರಿಗೆ ಫೋನ್ ಮಾಡಿದೆ. ಸಣ್ಣ ಕಂಪನಿ. ಒಬ್ಬ ಹುಡುಗಿ ತಕ್ಷಣ ಎತ್ತಿದಳು.

"ನಮಸ್ಕಾರ ಸರ್, ಏನ್ ತೊಂದ್ರೆ?"

"ಅಯ್ಯೋ, ಇಷ್ಟು ಬೇಗ ಎತ್ತಿಬಿಟ್ಯಲ್ಲಮ್ಮಾ! ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡು ಕೂತಿದ್ದೀನಿ, ಐದು ನಿಮಿಷ ಕಳೀಬೇಕು!"

ಮಾರನೆಯ ಸಂಜೆ ಮತ್ತೆ ಮಾಡಿದೆ, ಸುಮ್ಮನೆ. ಆಹಾ! ಪಿಟೀಲಿನ ಸಂಗೀತ! "ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ನಿರೀಕ್ಷಿಸಿ." ಎಷ್ಟು ಕಾಲವಾಗಿತ್ತು ನನ್ನನ್ನು ಯಾರಾದರೂ ಅಮೂಲ್ಯ ಎಂದು! ಕಣ್ಣು ಮುಚ್ಚಿ, ಮೂಲೆ ಒತ್ತಿ, ಅಪ್ಪಣೆಯಂತೆ ನಿರೀಕ್ಷಿಸಿದೆ. ಸರಿಯಾಗಿ ಐದು ನಿಮಿಷಕ್ಕೆ ಹುಡುಗಿ ಬಂದಳು. ಹಳದಿ ಹಾಕಿಕೊಂಡೆ. ಈಗ ಏನಾದರೂ ಹೇಳಬೇಕಲ್ಲ!

"ಫ್ರಿಜ್ಜು ಶಬ್ದ ಮಾಡುತ್ತಮ್ಮಾ."

"ಎಂಥಾ ಶಬ್ದ ಸರ್?"

"ಒಂಥರಾ... ನಿಟ್ಟುಸಿರು ಬಿಟ್ಟ ಹಾಗೆ."

"ಯಾವಾಗ ಸರ್?"

"ಸಂಜೆ ಹೊತ್ತು ಜಾಸ್ತಿ."

ಅವಳು ಸಾವಧಾನವಾಗಿ ಒಂದೊಂದೇ ಪ್ರಶ್ನೆ ಕೇಳಿದಳು. ಪ್ರಶ್ನೆ ಮುಗಿಯುವಷ್ಟರಲ್ಲಿ ಎರಡನೇ ಐದು ನಿಮಿಷವೂ ಮುಗಿದು ಮಹಾರಾಣಿಯ ಸರದಿ ಬಂತು. ಆಮೇಲಿಂದ ಇದೇ ನನ್ನ ನಿತ್ಯವಿಧಿ. ದಿನಕ್ಕೊಂದು ದೂರು! ಒಂದು ಸಂಜೆ ದೂರೇ ಹೊಳೆಯದೆ, "ಬಾಗಿಲು ಮುಚ್ಚಿದ ಮೇಲೂ ಒಳಗಡೆ ಲೈಟು ಉರೀತಾನೇ ಇರುತ್ತೆ" ಎಂದೆ.

"ಮುಚ್ಚಿದ ಮೇಲೆ ನಿಮಗೆ ಹೇಗ್ ಗೊತ್ತಾಯ್ತು ಸರ್?"

"ಅನುಭವಮ್ಮಾ, ಅನುಭವ!"

ಸುಳ್ಳು ಹೇಳಿದರೆ ಮೆಕ್ಯಾನಿಕ್ ಬರುತ್ತಾನೆ ಎಂಬುದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಬಂದ. ಫ್ರಿಜ್ಜಿಗೆ ಕಿವಿ ಹಚ್ಚಿ ನಿಂತ. "ಏನೂ ಕೇಳ್ತಿಲ್ವಲ್ಲ ಸರ್!" "ಹೊಸಬರ ಎದುರಿಗೆ ನಾಚಿಕೆ ಅದಕ್ಕೆ" ಎಂದೆ. ಅವನು ನನ್ನನ್ನೂ ಫ್ರಿಜ್ಜನ್ನೂ ಒಮ್ಮೆ ನೋಡಿ, ಇಬ್ಬರಲ್ಲಿ ಯಾರು ಕೆಟ್ಟಿರುವುದು ಎಂದು ಯೋಚಿಸುತ್ತಾ ಹೋದ.

ತಪಾಸಣೆಗೆ ಇನ್ನೊಂದೇ ದಿನ ಇರುವಾಗ ಅನಾಹುತ ಬಾಗಿಲು ತಟ್ಟಿತು. ಆಗ ತಾನೇ ನೀಲಿ ಹಾಕಿಕೊಂಡಿದ್ದೆ. ಕಣ್ಣು ಮುಚ್ಚಿಕೊಂಡೇ ತಡವರಿಸಿ ಬಾಗಿಲು ತೆಗೆದೆ. ದನಿ ಅದೇ ಮೆಕ್ಯಾನಿಕ್ಕಿನದು, ಜೊತೆಗೆ ಇನ್ಯಾರೋ. "ದಿನಾ ದೂರು ಬರ್ತಿದೆ ಅಂತ ಕಂಪನಿ ಹೊಸ ಫ್ರಿಜ್ಜು ಕೊಡ್ತಿದೆ ಸರ್. ಹಳೇದನ್ನ ಈಗ ಒಯ್ತೀವಿ, ಹೊಸದು ನಾಳೆ ಬರುತ್ತೆ. ಒಳಗಿರೋ ಸಾಮಾನೆಲ್ಲ ತೆಗೆದಿದ್ದೀರಾ?"

"ಒಬ್ಬನ ಮನೆ ಕಣಪ್ಪಾ, ತೆಗೆಯೋಕೆ ಒಳಗೆ ಏನಿದೆ! ತಗೊಂಡ್ಹೋಗು!" ಎಂದೆ ಕರ್ಣನ ಗತ್ತಿನಲ್ಲಿ. ಅವರ ಗಾಡಿಯ ಸದ್ದು ದೂರವಾಯಿತು. ಹಳದಿಯೂ ಆಯಿತು, ಕಾಯುವುದೂ ಆಯಿತು. ಎದ್ದು ಎಂದಿನಂತೆ ಬಿಳಿ ಮುಚ್ಚಳಕ್ಕೆ ಕೈ ಚಾಚಿದರೆ ಸಿಕ್ಕಿದ್ದು ಗೋಡೆ!

ಗಾಬರಿಯಿಂದ ಫೋನ್ ಮಾಡಿದೆ. ಪಿಟೀಲು! "ನಿಮ್ಮ ಕರೆ ನಮಗೆ ಅಮೂಲ್ಯ." ಅಮೂಲ್ಯವಾದರೆ ಎತ್ತಿರಯ್ಯಾ! ಆ ಪಿಟೀಲು ಸಿಕ್ಕ ಮೇಲೆ ಮೊದಲ ಸಲ ಆ ಐದು ನಿಮಿಷ ನನಗೆ ಯುಗವಾಯಿತು. ಹುಡುಗಿ ಎತ್ತಿದ್ದೇ ತಡ, ಎಲ್ಲವನ್ನೂ ಕಕ್ಕಿಬಿಟ್ಟೆ. "ತಾಯೀ, ನಿಮ್ಮ ಫ್ರಿಜ್ಜು ಚಿನ್ನದಂಥದ್ದು! ನಿಟ್ಟುಸಿರೂ ಇಲ್ಲ, ಏನೂ ಇಲ್ಲ. ನಾನೇ ಸುಳ್ಳು ಹೇಳಿದ್ದು. ನನ್ನ ಔಷಧ ಅದರೊಳಗೆ ಹೋಯ್ತು. ನಾಳೆ ತಪಾಸಣೆ, ನನ್ನ ಕೆಲಸ ಹೋಗುತ್ತೆ!"

"ಫ್ರಿಜ್ಜು ನಿಟ್ಟುಸಿರು ಬಿಡಲ್ಲ ಅಂತ ನಂಗೂ ಗೊತ್ತು ಸರ್" ಎಂದಳು ತಣ್ಣಗೆ. "ಆ ಔಷಧ ಮೆಡಿಕಲ್ ಶಾಪಲ್ಲಿ ಸಿಗಲ್ವಾ?"

ಸಿಗುತ್ತದೆ! ನಮ್ಮ ಬೀದಿಯ ತಿರುವಿನಲ್ಲೇ ಸಿಗುತ್ತದೆ! ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.

ಮಾರನೆಯ ದಿನ ಡಾಕ್ಟರಮ್ಮ ಯಂತ್ರದಿಂದ ತಲೆಯೆತ್ತಿ ನಕ್ಕರು. "ಇಳಿದಿದೆ ಮೇಷ್ಟ್ರೇ! ಸೀಟು ನಿಮ್ದೇ. ಈಗ ಮನೇಲಿ ಯಾರು ನೋಡ್ಕೊಳ್ತಾರೆ?"

"ಯಾರೂ ಇಲ್ಲ ಡಾಕ್ಟ್ರೇ. ಎಲ್ಲಾ ನನ್ನ ಶಿಸ್ತು!"

ಮೀಸೆ ತಿರುವುತ್ತಾ ಮನೆಗೆ ಬಂದೆ. ಅಡುಗೆಮನೆಯಲ್ಲಿ ಹೊಸ ಫ್ರಿಜ್ಜು ಬಂದು ಕೂತಿತು. ಸಂಜೆ ಆ ಹುಡುಗಿಗೂ ಫೋನ್ ಮಾಡಿ ಕೊಚ್ಚಿಕೊಂಡೆ. "ಗೆದ್ದೆ ಕಣಮ್ಮಾ! ಐದು ನಿಮಿಷ ಅಂದ್ರೆ ಐದೇ ನಿಮಿಷ. ಅಂಥಾ ಶಿಸ್ತು ನಂದು!"

ಅವಳು ಹೇಳಿದಳು: "ಶಿಸ್ತು ನಂದು ಸರ್. ನಿಮ್ಮ ನಂಬರ್ ಕಂಡ್ರೆ ಗಡಿಯಾರ ನೋಡ್ಕೊಂಡು ಕೂತು, ಐದು ನಿಮಿಷ ಆದ ಮೇಲೇ ಎತ್ತುತ್ತಿದ್ದೆ. ದಿನವಿಡೀ ಬೈಯೋರ ನಡುವೆ ನೀವೊಬ್ರು, ಬೇಗ ಎತ್ತಿದ್ದಕ್ಕೆ ಬೈದೋರು. ನಗು ಬಂದಿತ್ತು. ಈಗ ತಡವಾಗಿ ಎತ್ತುತ್ತಾಳೆ ಅಂತ ನಂಗೆ ಮೆಮೊ ಕೊಟ್ಟಿದ್ದಾರೆ. ಫ್ರಿಜ್ಜಿನ ಫೋನಿಂದ ತೆಗೆದು ವಾಷಿಂಗ್ ಮೆಷಿನ್ ಫೋನಿಗೆ ಹಾಕಿದ್ದಾರೆ, ಸೋಮವಾರದಿಂದ."

ಕೊಚ್ಚಿಕೊಂಡ ನಾಲಿಗೆಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ತಪ್ಪಾಯ್ತಮ್ಮಾ. ಇನ್ನು ಫೋನ್ ಮಾಡಲ್ಲ."

"ಕೆಲ್ಸ ಏನೂ ಹೋಗಿಲ್ಲ ಬಿಡಿ ಸರ್. ಅಂದ ಹಾಗೆ, ನಿಮ್ಮ ಮನೇಲಿ ವಾಷಿಂಗ್ ಮೆಷಿನ್ ಇದೆಯಾ?"

"ಇಲ್ವಲ್ಲಮ್ಮಾ."

"ಅಯ್ಯೋ" ಎಂದಳು ಪಾಪದ ಹುಡುಗಿ.

ಭಾನುವಾರ ಬೆಳಿಗ್ಗೆ ಅದೇ ಕಂಪನಿಯ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮನೇಲಿ ಎಷ್ಟು ಜನ ಸರ್?"

"ಒಬ್ಬನೇ."

"ಒಬ್ರ ಬಟ್ಟೆಗೆ ವಾಷಿಂಗ್ ಮೆಷಿನ್ ಯಾಕೆ ಸರ್?"

"ಬಟ್ಟೆಗಲ್ಲಪ್ಪಾ" ಎಂದೆ. "ಕಣ್ಣಿಗೆ."