ಬೋಕಿಗೆ ಸವರಿದ ಎಣ್ಣೆ

ನಮ್ಮ ಮನೆಯವರ ಕಾಕಾ ಮನುಷ್ಯರ ಮುಖವನ್ನು ನೆಟ್ಟಗೆ ನೋಡಿದವರೇ ಅಲ್ಲ. ನೀರಿನ ಹನಿಯನ್ನಾದರೆ ಗಳಿಗೆಗಟ್ಟಲೆ ನೋಡುತ್ತಿದ್ದರು! ಕೆಸುವಿನ ಎಲೆಯ ಮೇಲೊಂದು ಹನಿ, ಬೀಸುವ ಕಲ್ಲಿನ ಮೇಲೊಂದು ಹನಿ. ಒಮ್ಮೆ ಪೂಜೆಯ ಪತ್ರಿಯ ಮೇಲೂ ಹನಿ ಬಿಟ್ಟು ಕುಳಿತರು.

“ಕಾಕಾರ, ದೇವ್ರು ಕಾಯಾಕತ್ತಾನ್ರಿ.”

“ಕಾಯ್ಲಿ ಬಿಡವಾ, ಅವಗೇನ ಬ್ಯಾರೆ ಕೆಲಸ ಐತಿ?”

ಶಿವ ಶಿವಾ!

ಮುಂಬಯಿಯ ಕಾರಖಾನೆ ಬಿಟ್ಟು ಘೋಡಗೇರಿಗೆ ಬಂದವರು ಹಿತ್ತಲಲ್ಲಿ ತಾಮ್ರದ ಹಂಡೆ ಹೂಡಿ, ಅದರ ಮೇಲೆ ಎದೆಮಟ್ಟದ ಕೊಳವೆ ನಿಲ್ಲಿಸಿದರು. ಬೆಲ್ಲ ಹುಳಿಸಿ, ಗಾಯ ತೊಳೆಯುವ ಸ್ಪಿರಿಟ್ ಇಳಿಸಬೇಕಂತೆ. ಕುಡುಗೋಲು ತಾಗಿದವರು ಗೋಕಾಕ ಮುಟ್ಟುವಷ್ಟರಲ್ಲಿ ಗಾಯ ಕೀವಾಗುತ್ತದೆ, ಔಷಧ ಊರಲ್ಲೇ ಇರಬೇಕೆಂಬ ಹಟ.

“ಲಿಂಗವಂತರ ಮನ್ಯಾಗ ಶೆರೆ ಕಾಸಾಕತ್ತೀರೇನ್ರಿ?” ಎಂದಳು ಬಾಜೂಮನೆಯಾಕೆ.

“ಹೌದ್ರಿ, ಆದ್ರ ಇದನ್ನ ಗಾಯ ಕುಡಿತಾವ, ಗಂಡಸ್ರಲ್ಲ!” ಎಂದರು ಕಾಕಾ.

ಕೊಳವೆಯ ತುಂಬ ಬೋಕಿ, ಅಂದರೆ ಮಡಕೆಯ ಚೂರು. ಮೇಲೆ ತಣಿದ ಉಗಿ ರಸವಾಗಿ ಇಳಿಯುತ್ತದೆ, ಕೆಳಗಿನಿಂದ ಉಗಿ ಏರುತ್ತದೆ. ಎರಡೂ ಬೋಕಿಯ ಮೈಮೇಲೆ ಭೇಟಿಯಾಗಬೇಕು. ರಸ ತೆಳ್ಳಗೆ ಹಬ್ಬಿದರೆ ಸ್ಪಿರಿಟ್ ಖಡಕ್ಕು. ಹನಿಗಟ್ಟಿ ಉರುಳಿದರೆ ಬರೀ ನೀರು. ನಾನು ರೊಟ್ಟಿ ಬಡಿಯುವಾಗ ಇದನ್ನೇ ಹತ್ತು ಸಲ ಹೇಳಿದ್ದರು. ಕೇಳಿದವರು ಯಾರು?

ಹುಕ್ಕೇರಿಯಿಂದ ಅಬಕಾರಿ ಸಾಹೇಬರು ಪರೀಕ್ಷೆಗೆ ಬರುವವರಿದ್ದರು. ಸ್ಪಿರಿಟ್ಟಿನ ಖಡಕ್ಕು ಅಳತೆಗೋಲಿನ ಗುರುತು ಮುಟ್ಟಿದರೆ ಪರವಾನಗಿ. ಇಲ್ಲವಾದರೆ ಹಂಡೆ ಕೀಳಬೇಕು. ಕಾಕಾ ಮಸಗುಪ್ಪಿಯ ಕುಂಬಾರರಿಂದ ಹೊಸ ಬೋಕಿ ತರಿಸಿದರು. ರೊಟ್ಟಿಯ ಹೊಸ ಹಂಚು ಮನೆಗೆ ಬಂದರೆ ನಾವೇನು ಮಾಡುತ್ತೇವೆ? ಎಣ್ಣೆ ಸವರಿ ಕಾಯಿಸಿ ಪಳಗಿಸುತ್ತೇವೆ. ಗಂಡಸರಿಗೆ ಇದೆಲ್ಲಿ ಗೊತ್ತು ಎಂದುಕೊಂಡು, ಶಿವನಾಮ ಹೇಳುತ್ತ, ಒಂದೊಂದು ಬೋಕಿಗೂ ಕುಸುಬಿ ಎಣ್ಣೆ ಸವರಿ, ಕಾಯಿಸಿ ಬುಟ್ಟಿ ತುಂಬಿಸಿದೆ!

ಪರೀಕ್ಷೆಯ ದಿನ ಕಾಕಾ ಅವನ್ನೇ ಕೊಳವೆಗೆ ತುಂಬಿ ಹಂಡೆ ಕಾಯಿಸಿದರು. ಇಳಿದ ಸ್ಪಿರಿಟ್ಟಿನಲ್ಲಿ ಸಾಹೇಬರು ಗಾಜಿನ ಅಳತೆಗೋಲು ಬಿಟ್ಟರು. “ಅಜ್ಜಾರ, ಇದರಾಗ ದೀಪಾ ಸೈತ ಹತ್ತೂದಿಲ್ಲ,” ಎಂದು ನಕ್ಕರು.

ಕಾಕಾ ಒಂದು ಬೋಕಿ ಹೊರತೆಗೆದು ಅದರ ಮೇಲೆ ಹನಿ ಬಿಟ್ಟರು. ಅದು ಮುತ್ತಿನಂತೆ ದುಂಡಗೆ ನಿಂತಿತು. ಆಗ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು.

“ನನ್ನ ಲೆಕ್ಕಾ ತಪ್ಪಿತ್ರಿ ಸಾಹೇಬ್ರ,” ಎಂದರು.

‘ತಪ್ಪು ನಂದ್ರಿ’ ಎಂದಿದ್ದರೆ ಇನ್ನೊಂದು ದಿನ ಸಿಗುತ್ತಿತ್ತೇನೋ. ನಾನು ಸೆರಗು ಮುಂದೆಳೆದುಕೊಂಡು ನಿಂತೆ. ಅವರು ಬೈಯಲಿಲ್ಲ, ದೇವರು ದೊಡ್ಡವನು. ಬೈದಿದ್ದರೆ ಇಷ್ಟು ದಿನ ಚುಚ್ಚುತ್ತಿರಲಿಲ್ಲ.

ಆಮೇಲೆ ಬೋಕಿಗಳನ್ನೆಲ್ಲ ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬೂದಿಯಿಂದ ತಿಕ್ಕಿ ತೊಳೆದೆ. ಒಂದನ್ನು ಅವರ ಮುಂದಿಟ್ಟು ಹನಿ ಬಿಟ್ಟೆ. ಅಂಚಿನ ತನಕ ಹಬ್ಬಿತು.

“ನೋಡ್ರಿ, ಕಾಕಾರ.”

ಬಗ್ಗಿ ಬಹಳ ಹೊತ್ತು ನೋಡಿದರು. “ಚೊಲೋ ತೊಳದೀ, ಯವ್ವಾ,” ಎಂದರು.

ಹಂಡೆ ಕಿತ್ತು ಮೂರು ದಿನವಾಗಿತ್ತು.